ಕರಗಿಸಿ ತಗೋಬೇಕಾದ ಗುಳಿಗಿ

ಈಗಲೂ ಯಾರಾದರೂ ಹತ್ತಿರದಲ್ಲಿ ಸೋಡಾ ಬಾಟಲಿ ತೆರೆದರೆ ನಾನು ಕುರ್ಚಿಯಿಂದ ಎದ್ದು ನಿಲ್ಲುತ್ತೇನೆ. ನೊರೆ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಹಲ್ಲುಜ್ಜುವಾಗ ಕನ್ನಡಿ ನೋಡುವುದನ್ನೇ ಬಿಟ್ಟಿದ್ದೇನೆ. ಬಾಗಲಕೋಟೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಹದಿನಾಲ್ಕು ವರ್ಷದಿಂದ ಪಾಠ ಹೇಳುತ್ತಿರುವ ಎಂಜಿನಿಯರನಿಗೆ ಇದು ಶೋಭೆಯಲ್ಲ, ಗೊತ್ತು. ಅದರಲ್ಲೂ ನಾನು ಹೇಳುವ ಪಾಠವೇ ಒತ್ತಡದ್ದು. ಎಳೆತದ ಒತ್ತಡ, ಅದುಮುವ ಒತ್ತಡ, ಕತ್ತರಿಸುವ ಒತ್ತಡ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಕಬ್ಬಿಣದ ಸಲಾಕೆ ಎಷ್ಟಕ್ಕೆ ಬಾಗುತ್ತದೆ, ಎಷ್ಟಕ್ಕೆ ಮುರಿಯುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ನಾನು ಎಷ್ಟಕ್ಕೆ ಮುರಿಯುತ್ತೇನೆ ಎಂಬುದು ಮಾತ್ರ ಇಳಕಲ್ಲಿನ ನಮ್ಮ ಮಾವನವರ ಮನೆಯಲ್ಲಿ, ಒಂದು ಭಾನುವಾರ ಮುಂಜಾನೆ ಗೊತ್ತಾಯಿತು.

ನಮ್ಮ ಕಡೆ ಮಾತ್ರೆ ಎಂಬುದು ಪುಸ್ತಕದ ಶಬ್ದ. ಮನೆಯಲ್ಲಿ ಅದು ಗುಳಿಗಿ. ನಾನು ಚಿಕ್ಕವನಿದ್ದಾಗ ಗುಳಿಗಿಗಳಲ್ಲಿ ಎರಡೇ ಜಾತಿ: ಬಿಳಿಯದು, ಕೆಂಪನೆಯದು. ಎರಡನ್ನೂ ನುಂಗಬೇಕಿತ್ತು. ನುಂಗದಿದ್ದರೆ ಅಜ್ಜಿ ಬೆಲ್ಲದ ಹೊಟ್ಟೆಯಲ್ಲಿ ಹುದುಗಿಸಿ ಕೊಡುತ್ತಿದ್ದಳು. ನಾನು ಬೆಲ್ಲ ತಿಂದು ಗುಳಿಗಿ ಉಗುಳುವ ವಿದ್ಯೆ ಕಲಿತ ಮೇಲೆ ಬೆಲ್ಲವನ್ನೂ ನಿಲ್ಲಿಸಿಬಿಟ್ಟಳು. ಈಗ ಹಾಗಲ್ಲ. ಜಗಿಯುವ ಗುಳಿಗಿಗೆ ಚೂವೇಬಲ್ ಎನ್ನುತ್ತಾರೆ. ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು ಸಬ್‌ಲಿಂಗ್ವಲ್. ನೀರಿಗೆ ಹಾಕಿದರೆ ಬುಸುಬುಸು ಉಕ್ಕಿ ಕರಗುವುದು ಎಫರ್ವೆಸೆಂಟ್. ಈ ಹೆಸರನ್ನು ನಾನು ಓದಿ ಹೇಳಿದಾಗ ನಮ್ಮ ಅತ್ತೆ ಆ ಗುಳಿಗಿಯ ಕೊಳವೆಯ ಮುಚ್ಚಳ ತೆರೆದು ಮೂಸಿ ನೋಡಿ, ಸೆಂಟು ಚೊಲೋ ಐತಿ, ಕಿತ್ತಳಿಹಣ್ಣಿಂದು ಎಂದಿದ್ದರು.

ಮಾವ ಸಂಗಪ್ಪನವರು ನೇಕಾರರು. ಐವತ್ತು ವರ್ಷದಿಂದ ಅದೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ರೊಟ್ಟಿಗೇ ಮೇಲೇಳುವುದು. ಐವತ್ತು ವರ್ಷದಿಂದ ಅದೇ ತಂಬಾಕು ಕೂಡ, ಕೆಳದುಟಿಯ ಒಳಗೆ. ಆ ಭಾನುವಾರಕ್ಕೆ ಒಂದು ತಿಂಗಳು ಮೊದಲು ಸುಸ್ತು ಎಂದು ಬಾಗಲಕೋಟೆಗೆ ಬಂದಾಗ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು, ಟೆನ್ಷನ್ ಏನರೆ ಐತೇನ್ರಿ ಎಂದು ಕೇಳಿದರು. ಮಾವ ಅಭಿಮಾನದಿಂದ ಎದೆ ಸೆಟೆಸಿ ಹೇಳಿದರು:

"ಐತ್ರಿ. ಊರು ಬಿಡೂ ಮುಂದ ನಾನs ಹಗ್ಗ ಜಗ್ಗಿ ಬಿಗಿ ಮಾಡಿ ಬಂದೇನಿ. ಟೆನ್ಷನ್ ಇಲ್ಲಂದ್ರ ಸೀರಿ ಜೋಲು ಬೀಳತೈತ್ರಿ."

ಡಾಕ್ಟರು ನನ್ನ ಮುಖ ನೋಡಿದರು. ಅದು ಮಗ್ಗದ ಹಾಸಿನ, ಅಂದರೆ ಉದ್ದನೆಯ ಎಳೆಗಳ ಟೆನ್ಷನ್, ಮನಸ್ಸಿನದಲ್ಲ ಎಂದು ನಾನು ಬಿಡಿಸಿ ಹೇಳಿದೆ. ಕೊನೆಗೆ ಅವರು ತಂಬಾಕು ಬಿಡಿಸಿ, ಮೂರು ನಮೂನೆ ಶಕ್ತಿಯ ಗುಳಿಗಿ ಬರೆದುಕೊಟ್ಟರು. ಯಾವುದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಮಾವನವರಿಗೆ ಚೀಟಿ ಬರೆದುಕೊಟ್ಟವನು ನಾನು. ಸಣ್ಣದನ್ನು ನಾಲಿಗೆ ಕೆಳಗೆ ಇಟ್ಟು ತಗೋಬೇಕು, ನಡುವಿನದನ್ನು ಜಗಿದು ತಗೋಬೇಕು, ದೊಡ್ಡದನ್ನು ಕರಗಿಸಿ ತಗೋಬೇಕು. 'ನೀರಿನಲ್ಲಿ' ಎಂದು ಬರೆಯಲು ಪೆನ್ನು ಎತ್ತಿದ್ದೆ, ಬಿಟ್ಟೆ. ನಮ್ಮಂಥ ಎಂಜಿನಿಯರರಿಗೆ ಹೆಚ್ಚಿನ ಪದವೆಂದರೆ ದಂಡವಾದ ಸಿಮೆಂಟು ಇದ್ದಂತೆ. ನೀರಿನಲ್ಲಲ್ಲದೆ ಮತ್ತೆಲ್ಲಿ ಕರಗಿಸುತ್ತಾರೆ, ಎಣ್ಣೆಯಲ್ಲೇ?

ಆ ಭಾನುವಾರ ನಾನೂ ನನ್ನ ಹೆಂಡತಿ ಗಿರಿಜಾಳೂ ಇಳಕಲ್ಲಿಗೆ ಹೋಗಿದ್ದೆವು. ಮಾವ ಕುಣಿಯಲ್ಲಿ ಕೂತು ಸೆರಗು ನೇಯುತ್ತಿದ್ದರು, ಕೆಂಪು ರೇಷ್ಮೆಯದು. ನಾನು ಚಹಾ ಹಿಡಿದು ಎದುರಿಗೆ ಕೂತಿದ್ದೆ. ಅವರು ಕೈ ನಿಲ್ಲಿಸಿ, ಪಕ್ಕದಲ್ಲಿದ್ದ ಕೊಳವೆಯಿಂದ ಏನೋ ತೆಗೆದು ಕೆಳದುಟಿಯೊಳಗೆ ಸೇರಿಸಿದ್ದು ಕಂಡಿತು. ಮತ್ತೆ ತಂಬಾಕು ಶುರುವಾಯಿತೆಂದು ತಿಳಿದು, ಹಿರಿಯರಿಗೆ ಮುಜುಗರ ಬೇಡವೆಂದು ಮುಖ ಆ ಕಡೆ ತಿರುಗಿಸಿದೆ. ನನ್ನ ಸಂಸ್ಕಾರವೇ ನನಗೆ ಮುಳುವಾಯಿತು.

ತಿರುಗಿ ನೋಡಿದಾಗ ಮಾವನವರ ಗಲ್ಲ ಎರಡೂ ಪೂರಿಯಂತೆ ಉಬ್ಬಿದ್ದವು. ಕಣ್ಣಲ್ಲಿ ನೀರು. ಬಾಯಿಯ ಎರಡೂ ಮೂಲೆಯಲ್ಲಿ ನೊರೆ. ಅವರು ತುಟಿ ಬಿಗಿ ಹಿಡಿದು ಸೀರೆಯತ್ತ ಬೆರಳು ತೋರಿಸಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಗಿರಿಜಾಳನ್ನು ತೋರಿಸಿದರು. ಆಮೇಲೆ ನನ್ನ ಕಡೆ ಕೈ ಚಾಚಿ, ಬೆರಳನ್ನು ಮೇಲಕ್ಕೆ ಎತ್ತಿದರು. ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ಈ ಸೀರೆ ಮಗಳಿಗೆ, ನಾನು ಮೇಲೆ ಹೊರಟೆ.

"ಆಗ್ಲಿರಿ ಮಾವಾರ, ಗಿರಿಜಾಗs ಕೊಡ್ತೇನಿ" ಎಂದೆ. ಮಾವ ತಲೆಯನ್ನು ಜೋರಾಗಿ ಅಲ್ಲಾಡಿಸಿದರು. ನೊರೆ ಇನ್ನಷ್ಟು ಬಂತು. ನೊರೆ, ಕುಣಿ, ಕುಣಿಯೊಳಗಿನ ಕತ್ತಲೆ, ಈ ಮೂರನ್ನೂ ಕೂಡಿಸಿದ ನನ್ನ ವಿದ್ಯಾವಂತ ತಲೆ ಒಂದೇ ಉತ್ತರ ಕೊಟ್ಟಿತು. ಹಾವು ಎಂದು ಕೂಗಿದೆ.

ಪಕ್ಕದ ಮನೆಯ ಹಸನಸಾಬರು ಬಡಿಗೆ ಹಿಡಿದು ಓಡಿ ಬಂದು, ಮಾವನವರನ್ನು ಕಂಕುಳಿಗೆ ಕೈಹಾಕಿ ಮೇಲೆತ್ತಿ, ಕುಣಿಯಲ್ಲಿ ಬಡಿಗೆ ಆಡಿಸಿದರು. ಸಿಕ್ಕದ್ದು ಮಾವನವರ ಹಳೆಯ ಚಪ್ಪಲಿ. ಅದನ್ನೇ ಎರಡು ಬಾರಿ ಬಡಿದರು. ಅಂಗಳದಲ್ಲಿ ಮಾವ ಒಂದು ಬೊಗಸೆ ನೊರೆ ಉಗುಳಿದರು. ಜೀವಾನs ಹೊರಗ ಬರಾಕತ್ತೈತಿ ಎಂದು ಅತ್ತೆ ಗೋಡೆ ಹಿಡಿದರು. ಹಸನಸಾಬರ ಮೂರು ಗಾಲಿಯ ಟಂಟಂನಲ್ಲಿ ಎಲ್ಲರೂ ತುರುಕಿಕೊಂಡೆವು. ಅಲ್ಲಿ ನನ್ನ ಪಠ್ಯಕ್ರಮ ಪೂರ್ತಿ ಪ್ರಾತ್ಯಕ್ಷಿಕೆಗೆ ಬಂತು. ಗಿರಿಜಾ ನನ್ನ ತೋಳು ಹಿಡಿದು ಎಳೆಯುತ್ತಿದ್ದಳು. ಅತ್ತೆ ಈ ಕಡೆಯಿಂದ ಅದುಮುತ್ತಿದ್ದರು. ಕತ್ತರಿಸುವ ಕೆಲಸವನ್ನು ಅತ್ತೆಯ ಮಾತೇ ಮಾಡುತ್ತಿತ್ತು: ಎದುರಿಗೇ ಕೂತಿದ್ದರಂತ, ಚಹಾ ಕುಡಿಯಾಕತ್ತಿದ್ದರಂತ, ಹಾವು ಬಂದದ್ದು ಕಾಣಲಿಲ್ಲಂತ. ಮಾವ ನಡುವೆ ನಡುವೆ ಏನೋ ಹೇಳಲು ಬಾಯಿ ತೆರೆಯುತ್ತಿದ್ದರು. ಪ್ರತಿ ಸಲವೂ ನಾನು, ಮಾತಾಡಬ್ಯಾಡ್ರಿ, ಶಕ್ತಿ ಉಳಿಸ್ಕೋರಿ ಎಂದು ಟವೆಲ್ಲಿನಿಂದ ಅವರ ಬಾಯಿ ಒತ್ತಿ ಹಿಡಿದೆ. ದಾರಿಯುದ್ದಕ್ಕೂ ಅವರ ಜೀವಕ್ಕೆ ಇದ್ದ ನಿಜವಾದ ಅಪಾಯ ಅದೊಂದೇ ಎಂದು ಆಮೇಲೆ ತಿಳಿಯಿತು.

ಇಳಕಲ್ಲಿನ ದವಾಖಾನೆಯಲ್ಲಿ ಅಲ್ಲಿನ ಡಾಕ್ಟರು ಟವೆಲ್ಲು ಸರಿಸಿದೊಡನೆ ಮಾವ ದೀರ್ಘವಾಗಿ ಉಸಿರೆಳೆದು ಕೇಳಿದ ಮೊದಲ ಮಾತು:

"ಸೀರಿ ಮ್ಯಾಲೆ ಬಿತ್ತೇನ್ರಿ?"

ಸೆರಗಿನ ಮೇಲೆ ಹನಿ ಬಿದ್ದರೆ ಐದು ದಿನದ ನೇಯ್ಗೆ ಹಾಳೆಂದು ಅವರು ಬಾಯಿ ಬಿಗಿ ಹಿಡಿದಿದ್ದರು. ಸೀರೆ ಸರಿಸಲು ಮಗಳನ್ನು ಕರೆದಿದ್ದರು. ಮೇಲೆತ್ತಲು ನನಗೆ ಕೈ ಚಾಚಿದ್ದರು. ಡಾಕ್ಟರು ಕಿತ್ತಳೆಯ ವಾಸನೆ ಹಿಡಿದು, ಮಾವನವರ ಜೇಬಿನ ಚೀಟಿ ತೆಗೆದು ಓದಿ, ಕರಗಿಸಿ ಅಂತೈತಿ, ಎಲ್ಲಿ ಅಂತ ಬರದಿಲ್ಲ, ಯಾರು ಬರದಾರಿದನ್ನ ಎಂದರು. ನಾನು ಗೋಡೆಯ ಮೇಲಿನ ಹೃದಯದ ಚಿತ್ರವನ್ನು ಆಳವಾಗಿ ಅಭ್ಯಾಸ ಮಾಡತೊಡಗಿದೆ. ಮಾವ ನನ್ನ ಮಾನ ಕಾಯಲು ಮುಂದಾದರು:

"ನಮ್ಮ ಅಳಿಯಾರು ಭಾಳ ಕಲತವರ್ರಿ. ಅದಕ್ಕs ಕಡಿಮಿ ಬರೀತಾರ. ನಾ ಏನ ಮಾಡ್ಲಿ, ಕರಗಸೂದಂದ್ರ ನಮಗ ಒಂದs ಜಾಗಾ ಗೊತ್ತು. ತಂಬಾಕ ಬಿಟ್ಟಮ್ಯಾಲೆ ಅದೂ ಖಾಲಿ ಇತ್ತು."

ಡಾಕ್ಟರು ಮಾವನವರ ಬಿ.ಪಿ. ನೋಡಿದರು. ಹದಿನೆಂಟರ ಹುಡುಗನದರಂತೆ ಇದೆಯೆಂದರು. ಆಮೇಲೆ ನಾನು ಇನ್ನೂ ಟವೆಲ್ಲು ಹಿಂಡುತ್ತಿರುವುದನ್ನು ಕಂಡು, ಸುಮ್ಮನೆ ಇರಲೆಂದು ನನ್ನ ತೋಳಿಗೂ ಪಟ್ಟಿ ಸುತ್ತಿದರು. ಒಮ್ಮೆ ಊದಿದರು. ಮತ್ತೊಮ್ಮೆ ಊದಿದರು. ಅವರ ಹುಬ್ಬು ಮೇಲೇರಿದ್ದನ್ನು ಕಂಡ ಮಾವ ನನ್ನ ಪಕ್ಕಕ್ಕೆ ಬಂದು ಬಗ್ಗಿ ನೋಡಿ, ನೇಕಾರನ ಗಾಂಭೀರ್ಯದಿಂದ ಹೇಳಿದರು:

"ಹಾಸು ಭಾಳ ಬಿಗಿ ಆಗೇತ್ರಿ ಡಾಕ್ಟರ. ಎಳಿ ಹರಿಯೂದ್ರಾಗ ಹಗ್ಗ ಒಂದೀಟು ಸಡಲ ಬಿಡ್ರಿ."

ಹದಿನಾಲ್ಕು ವರ್ಷದ ನನ್ನ ಪಾಠ ಒಂದೇ ಮಾತಿನಲ್ಲಿ ಮುಗಿದಿತ್ತು. ಅಂದಿನಿಂದ ಮಾವನವರು ತಮ್ಮ ಗುಳಿಗಿಯನ್ನು ಲೋಟದ ನೀರಿನಲ್ಲಿ ಹಾಕಿ, ಮಗ್ಗದಿಂದ ಹತ್ತು ಹೆಜ್ಜೆ ದೂರ ನಿಂತು ಕುಡಿಯುತ್ತಾರೆ. ನನಗೂ ದಿನಕ್ಕೊಂದು ಗುಳಿಗಿ ಬಂದಿದೆ, ಬಿ.ಪಿ.ಯದು. ಅದರ ಚೀಟಿಯನ್ನು ನಾನು ಬರೆದುಕೊಳ್ಳಲು ಗಿರಿಜಾ ಬಿಡಲಿಲ್ಲ. ತಾನೇ ದುಂಡಗೆ ಬರೆದು ನೀರಿನ ಫಿಲ್ಟರಿಗೆ ಅಂಟಿಸಿದ್ದಾಳೆ: ಗುಳಿಗಿಯನ್ನು ಬಾಯಿಯಲ್ಲಿ ಹಾಕಿಕೊಳ್ಳಬೇಕು. ಒಂದು ಲೋಟ ನೀರು ಕುಡಿಯಬೇಕು. ನುಂಗಬೇಕು. ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು.

ಎಷ್ಟು ಹೊತ್ತು ಎಂದು ಬರೆದಿಲ್ಲ. ಕೇಳೋಣವೆಂದರೆ, ಬಾಯಿ ತೆರೆಯಬೇಕಲ್ಲ.