ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ರಾತ್ರಿ

'ಇದು ಆಗೂದಲ್ಲ' ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಚನ್ನಬಸಪ್ಪನವರು. ಎರಡನೆಯ ಸಲ ಹೇಳಿದವರೂ ಅವರೇ. ವಿಜಾಪುರದ ಕಡೆಯ ನಮ್ಮೂರಿನಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಇಡೀ ಆಯುಷ್ಯವನ್ನು ಗಿರಣಿಯ ಸದ್ದಿನಲ್ಲೇ ಕಳೆದವರಾದ್ದರಿಂದ ಯಾವ ಮಾತನ್ನೂ ಮೆಲ್ಲಗೆ ಹೇಳಿ ಅವರಿಗೆ ರೂಢಿಯಿಲ್ಲ. ನಾನು ಬಿ.ಎಸ್ಸಿ.ಗೆ ಹೆಸರು ಹಚ್ಚಿದ ದಿನ ಜೋಳ ಬೀಸಿಸಲು ಬಂದವರೆಲ್ಲರ ಎದುರಿಗೆ, "ಇವನ ಕೈಲೆ ಆಗೂದಲ್ಲೋ! ಅವರಪ್ಪ ಹೆಬ್ಬಟ್ಟ ಒತ್ತಾಂವ. ಇಂವ ಡಿಗ್ರಿ ಮಾಡ್ತಾನಂತ, ಡಿಗ್ರಿ!" ಎಂದು ಕೂಗಿದರು. ಎರಡನೆಯ ವರ್ಷ ನಾನು ಗಣಿತದಲ್ಲಿ ನಪಾಸಾದಾಗ ಅವರ ಮಾತಿಗೆ ವಿಶ್ವವಿದ್ಯಾಲಯದ ಮುದ್ರೆಯೂ ಬಿತ್ತು. ಹೇಗೋ ಹಟ ಹಿಡಿದು ಪಾಸು ಮಾಡಿಕೊಂಡೆ. ನಮ್ಮ ಮನೆತನದಲ್ಲಿ ಹೆಸರಿನ ಮುಂದೆ ಬಾಲ ಬಂದದ್ದು ಅದೇ ಮೊದಲು. ಮಾವ, "ಪಾಸಾದ್ರೇನಾತು, ನೌಕರಿ ಆಗೂದಲ್ಲ" ಎಂದರು. ಪುಣೆಯಲ್ಲಿ ನೌಕರಿ ಸಿಕ್ಕಿತು. "ಸಿಕ್ರೇನಾತು, ಖಾಯಂ ಆಗೂದಲ್ಲ" ಎಂದರು. ಬೇರೆಯವರು ಬಾಡಿಗೆಯ ಮನೆ ಬದಲಿಸುವಂತೆ ನಾನು ಮಾವನ ಒಂದು 'ಆಗೂದಲ್ಲ'ದಿಂದ ಇನ್ನೊಂದು 'ಆಗೂದಲ್ಲ'ಕ್ಕೆ ವಾಸ ಬದಲಿಸುತ್ತ ಬಂದವನು.

ಈ ಮೂರನೆಯ 'ಆಗೂದಲ್ಲ'ದ ಕಥೆಯನ್ನೇ ಈಗ ಹೇಳಬೇಕಾಗಿದೆ. ಎರಡು ಸಾವಿರದ ಇಸವಿ ದಾಟಿ ಮೂರು ವರ್ಷವಾಗಿತ್ತು. ಕಚೇರಿಗಳಿಗೆ, ದೊಡ್ಡ ಕಟ್ಟಡಗಳಿಗೆ ಇಂಟರ್‌ಕಾಮ್ ಕೂಡಿಸಿ ಕೊಡುವ ಒಂದು ಸಣ್ಣ ಕಂಪನಿಯಲ್ಲಿ ನಾನಿದ್ದೆ. ಮೊಬೈಲು ಆಗ ನಮ್ಮ ಸಾಹೇಬರ ಸೊಂಟದಲ್ಲಿತ್ತು. ನನ್ನ ಸೊಂಟದಲ್ಲಿ ಸ್ಕ್ರೂಡ್ರೈವರ್ ಇತ್ತು. ಆರು ತಿಂಗಳ ಉಮೇದುವಾರಿ ಮುಗಿಯುತ್ತ ಬಂದಾಗ ಸಾಹೇಬರು ವಿಮಾನ ನಗರದ ಒಂದು ಹೌಸಿಂಗ್ ಸೊಸೈಟಿಯ ಕೆಲಸವನ್ನು ನನ್ನೊಬ್ಬನ ತಲೆಗೆ ಕಟ್ಟಿದರು. ಎಪ್ಪತ್ತೆರಡು ಫ್ಲಾಟು, ಮೇನ್ ಗೇಟಿಗೊಂದು ಫೋನು, ಎಲ್ಲವೂ ಡಿಜಿಟಲ್. ಕೆಲಸ ಸರಿಯಾಗಿದೆಯೆಂದು ಸೊಸೈಟಿಯ ಸೆಕ್ರೆಟರಿ ಸಹಿ ಮಾಡಿ ಸರ್ಟಿಫಿಕೇಟ್ ಕೊಡಬೇಕು; ಅದನ್ನು ನಾನು ಸಾಹೇಬರ ಮೇಜಿನ ಮೇಲಿಡಬೇಕು; ಆಗ ಖಾಯಂ. "ಆಧೀ ಸರ್ಟಿಫಿಕೇಟ್ ಆಣ್, ಮಗ ಬೋಲು" ಎಂದರು ಸಾಹೇಬರು. ಮೊದಲು ಸರ್ಟಿಫಿಕೇಟು, ಆಮೇಲೆ ಮಾತು. ತರದಿದ್ದರೆ ಮುಂದಿನ ತಿಂಗಳು ನಾನು ಗಿರಣಿಯಲ್ಲಿ ಹಿಟ್ಟಿನ ಚೀಲ ಹಿಡಿದು ನಿಂತಿರುತ್ತೇನೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಚೆನ್ನಾಗಿ ಗೊತ್ತಿತ್ತು.

ನಾನಿದ್ದದ್ದು ನಿಗಡಿಯಲ್ಲಿ, ಮಾಳಿಗೆಯ ಮೇಲಿನ ಒಂದು ಕೋಣೆ. ಒಂದು ಮಂಚ, ಒಂದು ಸ್ಟೋವು, ಒಂದು ಕಿಟಕಿ. ಕಿಟಕಿಯಾಚೆ ಇನ್ನೊಬ್ಬರ ಗೋಡೆ. ಶನಿವಾರ ಸಂಜೆ ಕೋಣೆ ಹೊಕ್ಕರೆ ಸೋಮವಾರ ಬೆಳಿಗ್ಗೆ ಆಕುರ್ಡಿಯಲ್ಲಿ ಲೋಕಲ್ ರೈಲು ಹತ್ತುವವರೆಗೆ ನನ್ನ ಬಾಯಿ ತೆರೆಯುತ್ತಿದ್ದದ್ದು ಎರಡು ಸಲ. ಒಮ್ಮೆ ಹಾಲಿನವನಿಗೆ "ಅರ್ಧಾ" ಎನ್ನಲು, ಇನ್ನೊಮ್ಮೆ ಊರಿಗೆ ಫೋನು ಮಾಡಿ ಅವ್ವನ ಹತ್ತಿರ "ಆರಾಮ ಅದೀನಿ" ಎನ್ನಲು. ಒಂದು ಸೋಮವಾರ ರೈಲಿಳಿದು ಬಸ್ ಕಂಡಕ್ಟರಿಗೆ ತಿಕೀಟು ಕೇಳಲು ಹೋಗಿ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಆತ ನನ್ನನ್ನು ಮೂಗನೆಂದು ತಿಳಿದು ಬಹಳ ಮರ್ಯಾದೆಯಿಂದ ಕೂರಿಸಿದ. ಮರ್ಯಾದೆ ಸಿಕ್ಕಿದ್ದರಿಂದ ನಾನೂ ಇಳಿಯುವತನಕ ಮಾತಾಡಲಿಲ್ಲ.

ಇಂಥವನ ಕೈಗೆ ಎಪ್ಪತ್ತೆರಡು ಮನೆಗಳನ್ನು ಮಾತಾಡಿಸುವ ಕೆಲಸ ಬಂತು. ತಂತಿ ಎಳೆಯುವವರು ಬಂದು ತಂತಿ ಎಳೆದು ಹೋದರು. ಮೀಟರಿನ ಕೋಣೆಯಲ್ಲಿ ಗೋಡೆಗೆ ಯಂತ್ರದ ಪೆಟ್ಟಿಗೆ ಬಿಗಿದೆ. ಅದರ ಬಾಗಿಲ ಒಳಗೆ ಯಾವ ತಂತಿ ಯಾವ ಮನೆಯದೆಂದು ಚೀಟಿ ಬರೆದು ಅಂಟಿಸಿ, ಕೆಳಗೆ ನನ್ನ ಹೆಸರು ಹಾಕಿ, ಮುಂದೆ ಬಿ.ಎಸ್ಸಿ. ಎಂದೂ ಬರೆದೆ. ಆ ಬಾಗಿಲನ್ನು ಹಲ್ಲಿಯ ಹೊರತು ಯಾರೂ ತೆರೆಯುವುದಿಲ್ಲ, ಆದರೂ ಬರೆದೆ. ಆಮೇಲೆ ಪ್ರೋಗ್ರಾಮಿಂಗು. ಒಂದು ಫೋನಿನ ಗುಂಡಿಗಳನ್ನೇ ಒತ್ತುತ್ತ ಯಂತ್ರಕ್ಕೆ ಎಲ್ಲವನ್ನೂ ಕಲಿಸಬೇಕು. ಸರಿಯಾದರೆ ಒಂದು ಉದ್ದನೆಯ 'ಪೀ' ಎನ್ನುತ್ತದೆ. ತಪ್ಪಿದರೆ ನಾಲ್ಕು ಸಲ ಗಿಡ್ಡಗೆ 'ಪಿಪಿಪಿಪಿ' ಎನ್ನುತ್ತದೆ. ನಮ್ಮ ಗಣಿತದ ಮಾಸ್ತರರು ಹೀಗೆ ಪೀ ಎಂದಿದ್ದರೆ ನಾನು ಒಂದು ವರ್ಷ ಕಳೆದುಕೊಳ್ಳುತ್ತಿರಲಿಲ್ಲ.

ಕಲಿಸಿದ ಮೇಲೆ ಪರೀಕ್ಷೆ. ಗೇಟಿನ ಚೌಕಿಯಲ್ಲಿ ಕೂತು ಒಂದೊಂದೇ ಮನೆಗೆ ಫೋನು ಹಚ್ಚಿ, "ಇಂಟರ್‌ಕಾಮ್ ಚೆಕಿಂಗ್. ಆವಾಜ ನೀಟ ಯೇತೋಯ್ ಕಾ?" ಎಂದು ಕೇಳಬೇಕು. ದನಿ ಸರಿಯಾಗಿ ಬರುತ್ತದೆಯೇ, ಅಷ್ಟೇ. "ಯೇತೋಯ್" ಎಂದು ಅವರು ಇಟ್ಟುಬಿಡುತ್ತಿದ್ದರು. ಆದರೆ ಮೂರನೆಯ ಮಾಳಿಗೆಯ ಮುನ್ನೂರಾ ಎರಡು ನಂಬರಿನ ಫ್ಲಾಟಿನ ಒಬ್ಬ ಕಾಕು, ಎಂದರೆ ಚಿಕ್ಕಮ್ಮ, ಇಡಲಿಲ್ಲ. ಮನೆಯಲ್ಲೇ ಚಪಾತಿ-ಪಲ್ಯ ಮಾಡಿ ಕಚೇರಿಯವರಿಗೆ ಡಬ್ಬಿ ಕಳಿಸುವ ಹೆಂಗಸು. "ಯೇತೋಯ್. ಜೇವಲಾಸ ಕಾ?" ಎಂದರು. ಊಟ ಆಯಿತೇ ಎಂದು ಪುಣೆಗೆ ಬಂದ ಮೇಲೆ ನನ್ನನ್ನು ಕೇಳಿದವರು ಇವರೇ ಮೊದಲಿಗರು. ಆಗಿರಲಿಲ್ಲ; ಆಗಿದೆ ಎಂದೆ. ಮುಂದೆ ಭಾನುವಾರ ಅವ್ವನಿಗೆ 'ಆರಾಮ ಅದೀನಿ'ಯ ಜೊತೆ ಇದೊಂದನ್ನೂ ಹೇಳಿದೆ. ಐನೂರಾ ನಾಲ್ಕಕ್ಕೆ ಫೋನು ಹಚ್ಚಿದಾಗ ಆ ಪ್ರಶ್ನೆಯ ಗುಂಗಿನಲ್ಲೇ ಇದ್ದು, "ಕೇಳಸ್ತದೇನ್ರಿ?" ಎಂದುಬಿಟ್ಟೆ. ಆ ಕಡೆಯಿಂದ ಕನ್ನಡವೇ ಬಂತು. "ಕೇಳ್ತದೆ ಮಾರಾಯ್ರೆ. ಆದ್ರೆ ನೀವು ಜಗಳ ಮಾಡ್ತಾ ಇದ್ದೀರಾ, ಮಾತಾಡ್ತಾ ಇದ್ದೀರಾ, ಅದು ಗೊತ್ತಾಗ್ಲಿಲ್ಲ."

"ಮಾತಾಡಾಕತ್ತೀನ್ರಿ."

"ಹಾಗಾದ್ರೆ ಸರಿ. ಯಾವ ಊರು ನಿಮ್ಮದು?"

ಅವರು ಉಡುಪಿಯ ಕಡೆಯ ಶೆಟ್ಟರು, ಹೋಟೆಲಿನವರು. ಅವರ ಕನ್ನಡ ನನಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು. ನನ್ನದು ಅವರಿಗೆ ಪಾತ್ರೆ ಬಿದ್ದಂತೆ ಕೇಳುತ್ತಿತ್ತಂತೆ. ಆದರೂ ಹತ್ತು ನಿಮಿಷ ಮಾತಾಡಿದೆವು.

ಇಲ್ಲಿಯವರೆಗೆ ಎಲ್ಲವೂ ನೆಟ್ಟಗಿತ್ತು. ಕೊನೆಗೊಂದು ಪರೀಕ್ಷೆ ಉಳಿಯಿತು. ಬೆಂಕಿ ಬಿದ್ದರೆ ಒಂದೇ ಗುಂಡಿಗೆ ಎಲ್ಲ ಮನೆಯ ಫೋನುಗಳೂ ಒಟ್ಟಿಗೇ ಬಾರಿಸಬೇಕು. ಅದನ್ನು ನಾನು ಎರಡೂಕಾಲಕ್ಕೆ ಒತ್ತಿದೆ. ಮಧ್ಯಾಹ್ನದ ಎರಡೂಕಾಲು. ಪುಣೆಯನ್ನು ಬಲ್ಲವರು ಈಗಾಗಲೇ ಹಣೆ ಚಚ್ಚಿಕೊಂಡಿರುತ್ತಾರೆ. ನಮ್ಮೂರಲ್ಲಿ ಆ ಹೊತ್ತಿಗೆ ಗಿರಣಿ ಜೋರಾಗಿರುತ್ತದೆ. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಅಂಗಡಿಯವನೂ ಗಿರಾಕಿಯ ಮುಖದ ಮೇಲೆ ಬಾಗಿಲೆಳೆದು ಮಲಗುತ್ತಾನೆ. ಈ ಸೊಸೈಟಿಯ ಬಹಳ ಮಂದಿ ಹಳೆಯ ಪೇಟೆಗಳ ವಾಡೆಯ ಮನೆ ಬಿಟ್ಟು ಬಂದವರು. ಬರುವಾಗ ತಾಮ್ರದ ಹಂಡೆಯ ಜೊತೆ ಮಧ್ಯಾಹ್ನದ ನಿದ್ದೆಯನ್ನೂ ಟೆಂಪೊದಲ್ಲಿ ಹೇರಿಕೊಂಡು ಬಂದಿದ್ದರು. ಎಪ್ಪತ್ತೆರಡು ಫೋನು ಒಮ್ಮೆಲೇ ಬಡಿದುಕೊಂಡವು. ಬಾಲ್ಕನಿಗಳಲ್ಲಿ ಬನಿಯನ್ನುಗಳು ಕಾಣಿಸಿಕೊಂಡವು. ಒಬ್ಬರು ಬ್ಯಾಂಕಿನ ಪಾಸ್‌ಬುಕ್ಕು, ಗಣಪತಿಯ ಬೆಳ್ಳಿ ಮೂರ್ತಿ ಹಿಡಿದು ಕೆಳಗೇ ಇಳಿದುಬಿಟ್ಟರು.

ಎಲ್ಲರಿಗಿಂತ ಮುಂದೆ ಸೆಕ್ರೆಟರಿ ಲೇಲೆ ಕಾಕಾ. ದೇಹೂ ರೋಡಿನ ಮಿಲಿಟರಿ ಡಿಪೋ ಒಂದರಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. "ಕುಠೇ ಆಗ ಲಾಗಲೀ?" ಎಂದರು. ಎಲ್ಲಿ ಬೆಂಕಿ ಬಿತ್ತು?

"ಎಲ್ಲೂ ಇಲ್ಲ ಕಾಕಾ, ಚೆಕಿಂಗ್" ಎಂದೆ ಮರಾಠಿಯಲ್ಲಿ.

ಅವರು ಗಡಿಯಾರ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗಡಿಯಾರ ನೋಡಿದರು. "ಸರ್ಟಿಫಿಕೇಟ್ ವಿಸರ" ಎಂದರು. ಮರೆತುಬಿಡು ಎಂದು. ಹಾಗೆಂದು ಉಳಿದ ನಿದ್ದೆಗೆ ಮೇಲೆ ಹೋದರು. ನನಗೆ ಆ ಕ್ಷಣ ಗಿರಣಿಯ ಪಟ್ಟಾ ತಿರುಗುವ ಸದ್ದು ವಿಮಾನ ನಗರದಲ್ಲೇ ಕೇಳಿಸಿತು.

ಮರುದಿನ ಸೊಸೈಟಿಯ ಸಭೆ ಕೂಡಿತು. ಸಂಜೆ ಐದಕ್ಕೆ, ಅದಕ್ಕೂ ಮೊದಲು ಕೂಡುವ ಪ್ರಶ್ನೆಯೇ ಇರಲಿಲ್ಲ. ಒಂದರಿಂದ ನಾಲ್ಕರವರೆಗೆ ಈ ಯಂತ್ರ ಬಾಯಿ ಮುಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಬಿಚ್ಚಿ ಒಯ್ಯಬೇಕು ಎಂದು ತೀರ್ಮಾನವಾಯಿತು. ನಾನು ರಾತ್ರಿಯೆಲ್ಲ ಕೈಪಿಡಿ ಓದಿದೆ. ಅದರಲ್ಲಿ 'ನೈಟ್ ಮೋಡ್' ಎಂಬ ಸೌಲಭ್ಯವಿತ್ತು: ರಾತ್ರಿ ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಹೇಳಿಕೊಟ್ಟರೆ ಆ ವೇಳೆಯಲ್ಲಿ ಯಾರು ಯಾರಿಗೆ ಫೋನು ಹಚ್ಚಿದರೂ ಅದು ಚೌಕಿಗೆ ಬಂದು ಬೀಳುತ್ತದೆ, ಮನೆಯಲ್ಲಿ ಬಾರಿಸುವುದಿಲ್ಲ. ತೀರಾ ಅಗತ್ಯವಿದ್ದರೆ ಚೌಕಿಯವನು ಮನೆಗೆ ತಿಳಿಸಬಹುದು. ಕೈಪಿಡಿ ಬರೆದವನು ಯಾವುದೋ ದೂರದ ದೇಶದವನು; ದಿನಕ್ಕೆ ಒಂದೇ ರಾತ್ರಿ ಎಂದು ನಂಬಿದ್ದ ಪಾಪದವನು. ಹಾಗಾಗಿ ಯಂತ್ರಕ್ಕೂ ಒಂದೇ ರಾತ್ರಿ ಕೊಟ್ಟಿದ್ದ. ನಾನು ಲೇಲೆ ಕಾಕಾರಿಗೆ ಹೇಳಿದೆ, "ಒಂದೇ ರಾತ್ರಿ ಸಿಗುತ್ತದೆ. ರಾತ್ರಿಯ ರಾತ್ರಿ ಬೇಕೋ, ಮಧ್ಯಾಹ್ನದ ರಾತ್ರಿ ಬೇಕೋ?" ಮತ್ತೆ ಸಭೆ ಕೂಡಿತು. ರಾತ್ರಿ ಯಾರು ಬರುತ್ತಾರೆ, ಸಾಬೂನು ಮಾರುವವರೂ ವಿಮೆಯವರೂ ಬರುವುದು ಮಧ್ಯಾಹ್ನವೇ ಎಂದು ಎಲ್ಲರೂ ಒಮ್ಮತದಿಂದ ಒಪ್ಪಿದರು. ಅದೊಂದೇ ಗೊತ್ತುವಳಿಗೆ ಆ ಸೊಸೈಟಿಯಲ್ಲಿ ವಿರೋಧ ಬಂದಿರಲಿಲ್ಲವಂತೆ. ನಾನು ಯಂತ್ರಕ್ಕೆ ಹೇಳಿದೆ: ಮಧ್ಯಾಹ್ನ ಒಂದಕ್ಕೆ ರಾತ್ರಿಯಾಗುತ್ತದೆ, ನಾಲ್ಕಕ್ಕೆ ಬೆಳಗಾಗುತ್ತದೆ. ಅದು ಒಂದು ಉದ್ದನೆಯ 'ಪೀ' ಎಂದಿತು. ಲೇಲೆ ಕಾಕಾ ಮೊದಲ ಬಾರಿಗೆ ನಕ್ಕು, "ನಾಲ್ಕು ದಿನ ನೋಡೋಣ, ಆಮೇಲೆ ಸಹಿ" ಎಂದರು.

ಈಗ ನಾನು ಯಾರಿಗೂ ಹೇಳದ ಮಾತು. ಆ ಮಧ್ಯಾಹ್ನದ ರಾತ್ರಿಗಳಲ್ಲಿ ಚೌಕಿಯಲ್ಲಿ ಕೂತು ಫೋನು ಎತ್ತುತ್ತಿದ್ದವನು ನಾನು. ವಾಚ್‌ಮನ್ನನೂ ಪುಣೆಯವನೇ, ಅವನಿಗೂ ನಿದ್ದೆಯಿತ್ತು. ಎರಡೂವರೆಗೆ ಡಬ್ಬಿಗಳ ಕೆಲಸ ಮುಗಿಸಿದ ಕಾಕು ಫೋನು ಹಚ್ಚಿ, "ಆಜ ಚೆಕಿಂಗ್ ನಾಹೀ ಕಾ?" ಎನ್ನುತ್ತಿದ್ದರು, ಇವತ್ತು ಚೆಕಿಂಗ್ ಇಲ್ಲವೇ ಎಂದು. "ಕರತೋ ನಾ" ಎಂದು ನಾನು ಚೆಕಿಂಗು ಮಾಡುತ್ತಿದ್ದೆ. ಅವರ ಮೆಣಸಿನಕಾಯಿಯ ಠೇಚಾ, ನಮ್ಮ ಶೇಂಗಾ ಹಿಂಡಿಯ ಚಟ್ನಿ. ಯಾವುದು ಖಾರ ಎಂಬ ಬಗ್ಗೆ ಎರಡು ದಿನ ಚೆಕಿಂಗು ನಡೆಯಿತು. ಒಮ್ಮೆಯೂ ಅವರ ಮುಖ ನೋಡಿದವನಲ್ಲ. ಮೂರೂವರೆಗೆ ಎದ್ದು ಚಹಾ ಕುಡಿಯುತ್ತ ಶೆಟ್ಟರು, "ಏನು ಮಾರಾಯ್ರೆ, ಇವತ್ತು ಜಗಳ ಇಲ್ವಾ?" ಎನ್ನುತ್ತಿದ್ದರು. ನಾಲ್ಕು ದಿನ ಮುಗಿಯಿತು. ಒಂದು ದೂರೂ ಬರಲಿಲ್ಲ. ನಾನು ಓಡಿಹೋಗಿ ಸಹಿ ಕೇಳಬೇಕಿತ್ತು. ಬದಲಿಗೆ ಲೇಲೆ ಕಾಕಾರ ಬಾಗಿಲಲ್ಲಿ ನಿಂತು, "ಲೈನಿನಲ್ಲಿ ಸ್ವಲ್ಪ ಗರಗರ ಸದ್ದಿದೆ, ಇನ್ನೆರಡು ದಿನ ಬೇಕು" ಎಂದೆ. ಎರಡು ದಿನದ ಮೇಲೆ ಗರಗರ ಮೇಲಿನ ಮಾಳಿಗೆಗೆ ಹೋಯಿತು. ಸಾಹೇಬರು ಫೋನಿನಲ್ಲಿ ಬೈದರೂ ಗರಗರ ನಿಲ್ಲಲಿಲ್ಲ. ಖಾಯಂ ಆಗಲು ಊರು ಬಿಟ್ಟು ಬಂದವನು, ಖಾಯಂ ಆಗುವ ಕಾಗದವನ್ನು ಕಂಡರೆ ತಪ್ಪಿಸಿಕೊಂಡು ತಿರುಗತೊಡಗಿದೆ.

ಹಿಡಿದುಕೊಟ್ಟದ್ದು ಯಂತ್ರವೇ. ಯಾವ ಫೋನಿನಿಂದ ಯಾವ ಫೋನಿಗೆ ಎಷ್ಟು ಹೊತ್ತು ಮಾತು ನಡೆಯಿತೆಂದು ಬರೆದಿಡುವ ಸೌಲಭ್ಯ ಅದರಲ್ಲಿತ್ತು. ಅದನ್ನು ಚಾಲೂ ಮಾಡಿದವನೂ, ಹೇಗೆ ನೋಡಬೇಕೆಂದು ಲೇಲೆ ಕಾಕಾರಿಗೆ ಹೆಮ್ಮೆಯಿಂದ ಕಲಿಸಿದವನೂ ನಾನೇ, ಬಿ.ಎಸ್ಸಿ. ಅವರು ನನ್ನನ್ನು ಕರೆಸಿ, ಹಾಳೆಯ ಮೇಲೆ ಬೆರಳಿಟ್ಟು, ಹೆಡ್ ಕ್ಲಾರ್ಕಿನ ದನಿಯಲ್ಲಿ ಓದಿದರು. "ಮುನ್ನೂರಾ ಎರಡರಿಂದ ಗೇಟ್, ಹನ್ನೊಂದು ಮಿನಿಟು. ಐನೂರಾ ನಾಲ್ಕರಿಂದ ಗೇಟ್, ಹದಿನಾಲ್ಕು ಮಿನಿಟು. ಕಾಯ ರೇ, ಆವಾಜ ಬರುತ್ತೋ ಇಲ್ಲವೋ ತಿಳಿಯಲು ನಿನಗೆ ಹದಿನಾಲ್ಕು ಮಿನಿಟು ಬೇಕಾ?" ಗರಗರದ ಮಾತೆತ್ತಲು ಧೈರ್ಯ ಬರಲಿಲ್ಲ. ಅವರು ಕನ್ನಡಕ ಒರೆಸಿಕೊಂಡು, ಸರ್ಟಿಫಿಕೇಟಿನ ಹಾಳೆ ತೆಗೆದು ಷರಾ ಬರೆಯುವ ಜಾಗದಲ್ಲಿ 'ಧ್ವನಿ ಸ್ಪಷ್ಟ, ಗರಗರ ಇಲ್ಲ' ಎಂದು ಬರೆದು ಸಹಿ ಮಾಡಿದರು. "ಘೇ ಬಾಬಾ. ಜಾ ಆತಾ" ಎಂದು ಕೈಗಿಟ್ಟರು. ತಗೋ, ಇನ್ನು ಹೋಗು. ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿನಲ್ಲಿ ಅವರು ನನಗಾಗಿ ಎದ್ದು ಕೂತಿದ್ದರು ಎಂಬುದು ಬಸ್ಸು ಹತ್ತಿದ ಮೇಲೆ ಹೊಳೆಯಿತು.

ಸಂಜೆ ಕಾಗದ ಸಾಹೇಬರ ಮೇಜಿಗೆ ಮುಟ್ಟಿಸಿ, ಬೂತಿನಿಂದ ಗಿರಣಿಗೆ ಫೋನು ಮಾಡಿದೆ. ಊರಲ್ಲಿ ನಮ್ಮ ಪಾಲಿಗಿದ್ದ ಫೋನು ಅದೊಂದೇ. ಖಾಯಂ ಆಯಿತೆಂದು ಕೇಳಿ ಮಾವ ಗಿರಣಿ ನಿಲ್ಲಿಸಿದರು. ಅವ್ವನನ್ನು ಕೂಗಿ ಕರೆದು ಫೋನು ಕೊಟ್ಟರು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ: ಸಹಿ, ಷರಾ, ಸರ್ಟಿಫಿಕೇಟು, ನಾಳೆಯಿಂದ ಬೇರೆ ಕಡೆ ಕೆಲಸ. ಅವ್ವ ಎಲ್ಲ ಕೇಳಿದಳು. ಆಮೇಲೆ ಕೇಳಿದಳು:

"ಛಲೋ ಆತು ಬಿಡಪ್ಪ. ಅಲ್ಲೋ, ಉಂಡಿಯೇನಂತ ಕೇಳ್ತಿದ್ಲಲ್ಲ ಆಕಿ, ಹೋಗಿ ಬರ್ತೀನ್ರೀ ಅಂತ ಆಕಿಗೊಂದು ಮಾತು ಹೇಳಿ ಬಂದಿ ಇಲ್ಲೋ?"