ಭಾನುವಾರದ ಪಾದರಕ್ಷಾ ಪ್ರದರ್ಶನ

ಮನೆ ಮಾರಿಸುವ ಏಜೆಂಟನ ಕಷ್ಟ ಮಾರಿದವರಿಗೂ ಗೊತ್ತಿಲ್ಲ, ಕೊಂಡವರಿಗೂ ಗೊತ್ತಿಲ್ಲ. ಗೊತ್ತಿರುವುದು ಅವನ ಹೆಂಡತಿಗೆ ಮಾತ್ರ, ಅವಳೋ ಒಪ್ಪಿಕೊಳ್ಳುವುದಿಲ್ಲ. ನಮ್ಮ ಬೆರ್ಗೆನ್‌ನಲ್ಲಿ ಭಾನುವಾರ ಊರಿಗೆಲ್ಲ ರಜೆ, ನನಗೆ ಮನೆ ತೋರಿಸುವ ದಿನ. ಗಿರಾಕಿಗಳನ್ನು ನೋಡಿ ನಕ್ಕು ನಕ್ಕು ಸಂಜೆಗೆ ದವಡೆ ಹಿಡಿದುಕೊಂಡಿರುತ್ತದೆ (ಮನೆಗೆಂದು ಒಂದು ನಗುವೂ ಉಳಿಯುವುದಿಲ್ಲ ಎಂಬುದು ನನ್ನಾಕೆ ಟೂರ್‌ಹಿಲ್ಡಳ ದೂರು).

ಆಗ ನನ್ನ ತಲೆಯ ಮೇಲಿದ್ದದ್ದು ನರ್ಸ್ ಊಡ್ನಿಯವರ ಫ್ಲಾಟು. ಪಾಪ, ಅವರಿಗೆ ದೂರದ ಟ್ರೋಮ್ಸೋ ಊರಿನಲ್ಲಿ ಕೆಲಸ ಸಿಕ್ಕಿ, ಅಲ್ಲೊಂದು ಮನೆ ಗೊತ್ತುಮಾಡಿಕೊಂಡಿದ್ದರು. ಇಲ್ಲಿಯದು ಮಾರಿಹೋಗದಿದ್ದರೆ ಅದು ಕೈತಪ್ಪುತ್ತಿತ್ತು. ಎರಡು ಭಾನುವಾರ ಟೂರ್‌ಹಿಲ್ಡಳೇ ಅಲ್ಲಿ ನಿಂತು ಗಿರಾಕಿಗಳಿಗೆಂದು ಬಿಸಿಬಿಸಿ ವಾಫಲ್ ಮಾಡಿದಳು. ಬಂದವರು ತಿಂದು, ಬಾಯಿ ಒರೆಸಿಕೊಂಡು ಹೋದರು.

"ಈ ಸಲಾನೂ ಆಗ್ಲಿಲ್ಲ ಅಂದ್ರೆ ಬೇರೆ ಏಜೆಂಟ್ ನೋಡ್ಕೋತೀನಿ, ಎಯ್ವಿಂದ್. ಬೇಜಾರು ಮಾಡ್ಕೋಬೇಡಿ" ಎಂದರು ಊಡ್ನಿ.

ಬೇಜಾರಿನಲ್ಲೇ ನನಗೊಂದು ಮಹಾಯೋಚನೆ ಹೊಳೆಯಿತು. ನಮ್ಮಲ್ಲಿ ಶೂ ಹಾಕಿಕೊಂಡು ಯಾರೂ ಮನೆಯೊಳಗೆ ಕಾಲಿಡುವುದಿಲ್ಲ. ಬಾಗಿಲಾಚೆ ಶೂ ಹೆಚ್ಚಿದ್ದಷ್ಟೂ ಒಳಗೆ ಗಿರಾಕಿ ಹೆಚ್ಚು ಎಂದುಕೊಂಡು ಜನ ನುಗ್ಗುತ್ತಾರೆ!

"ರೀ, ಇರೋಬರೋ ಶೂ ಎಲ್ಲಾ ಎಲ್ಲಿಗೆ ಹೊತ್ಕೊಂಡು ಹೊರಟ್ರಿ?"

"ವ್ಯಾಪಾರ ತಂತ್ರ ಕಣೇ, ನಿಂಗೆ ಅರ್ಥ ಆಗಲ್ಲ."

"ನನ್ನ ಸ್ಕೀ ಬೂಟೂ ತಂತ್ರಾನಾ?"

"ಹೂಂ! ಸ್ಕೀ ಆಡ್ತಿದ್ದೋರು ಹಾಗೇ ಓಡಿ ಬಂದಿದ್ದಾರೆ ಅಂದ್ಕೋತಾರೆ."

ಫ್ಲಾಟಿನ ಬಾಗಿಲಲ್ಲಿ ರಾಶಿ ಹಾಕಿ ಒಳಗೆ ಕಾದು ಕುಳಿತೆ. ಮೆಟ್ಟಿಲ ಮೇಲೆ ಹೆಜ್ಜೆಗಳು ಬಂದವು, ನಿಂತವು, ಇಳಿದುಹೋದವು. ಮತ್ತೆ ಬಂದವು, ಮತ್ತೆ ಇಳಿದವು. ನಾನೇ ಮಾಡಿಟ್ಟ ವಾಫಲ್ ತಣ್ಣಗಾಯಿತು. ನಾನೂ ತಣ್ಣಗಾದೆ.

ಕೊನೆಗೊಂದು ಹೆಣ್ಣುದನಿ ಕೇಳಿಸಿತು: "ಬೇಡ ಬಾ ಸಿಂದ್ರೆ, ಇಷ್ಟು ಜನ ಬೆಲೆ ಏರಿಸ್ತಾ ಹೋದ್ರೆ ನಮಗೆಲ್ಲಿ ಸಿಗತ್ತೆ?"

ಹಿಂದೆಯೇ ಪರಿಚಿತ ಗರ್ಜನೆ: "ಯಾವ ಜನಾನಮ್ಮಾ? ಅಷ್ಟೂ ನಮ್ಮನೇ ಶೂಗಳು! ಒಳಗಿರೋದು ನನ್ನ ಗಂಡ ಒಬ್ರೇ. ಬನ್ನಿ, ಬನ್ನಿ."

ವಾಕಿಂಗ್ ಹೊರಟ ಟೂರ್‌ಹಿಲ್ಡ ಮನೆಯಲ್ಲಿ ಕಾಲಿಗೆ ಹಾಕಲು ತನ್ನದೇನೂ ಸಿಗದೆ, ನನ್ನ ತೋಟದ ಗಂಬೂಟು ಏರಿಸಿಕೊಂಡು ಶೂ ಕೇಳಲು ಬಂದಿದ್ದಳು. ಅವಳ ಹಿಂದೆ ಆ ಎಳೆಯ ಜೋಡಿ, ಸಿಂದ್ರೆ ಮತ್ತು ಮಾರೆನ್.

"ಯಾರೂ ಬಂದಿಲ್ಲ ಅಂದ್ರೆ ಮನೇಲೇನೋ ದೋಷ ಇರ್ಬೇಕು" ಎಂದಳು ಮಾರೆನ್.

"ಛೆ ಛೆ, ಸೂರ್ಯಕಿರಣಗಳಿಂದ ಸದಾ ಶೋಭಿಸುವ ಈ ನಿವಾಸ..." ಎಂದು ಶುರುಮಾಡಿದೆ.

"ಎಲ್ಲಿ ಸೂರ್ಯ? ನವೆಂಬರ್ ಬಂದ್ರೆ ಬೆಟ್ಟ ಅಡ್ಡ, ಬಿಸಿಲೇ ಇಲ್ಲ" ಎಂದಳು ನನ್ನ ಧರ್ಮಪತ್ನಿ. "ಮೇಲಿನ ಮನೆಯೋರು ಅಕಾರ್ಡಿಯನ್ ನುಡಿಸ್ತಾರೆ, ಅದೂ ಕೆಟ್ಟದಾಗಿ. ಆದ್ರೆ ಈ ಅಡುಗೆಮನೆ ನೋಡಿ. ಎರಡು ಭಾನುವಾರ ಇಲ್ಲಿ ನಿಂತಿದ್ದೀನಿ, ಬಿಟ್ಟು ಹೋಗೋಕೇ ಮನಸ್ಸು ಬರ್ಲಿಲ್ಲ."

ಮುಗಿಯಿತು ನನ್ನ ಕಥೆ ಎಂದುಕೊಂಡೆ. ಆ ಜೋಡಿ ಮಾತ್ರ ಅಡುಗೆಮನೆಯಲ್ಲೇ ಕೂತು ತಣ್ಣನೆಯ ವಾಫಲ್ ತಿನ್ನುತ್ತ ಗುಸುಗುಸು ಮಾತಾಡಿತು. ಮರುದಿನವೇ ಮನೆ ಅವರದಾಯಿತು. "ಏಜೆಂಟರ ಹೆಂಡತಿ ಕೊರತೆ ಏನೂ ಮುಚ್ಚಿಡ್ಲಿಲ್ಲ, ಅದಕ್ಕೇ ನಂಬಿದ್ವಿ" ಎಂದು ಮಾರೆನ್ ಊಡ್ನಿಗೂ ಹೇಳಿದಳಂತೆ. ಊಡ್ನಿ ಫೋನಿನಲ್ಲಿ ಖುಷಿಗೆ ಅತ್ತೇಬಿಟ್ಟರು.

ಫೋನಿಟ್ಟು ಟೂರ್‌ಹಿಲ್ಡಳತ್ತ ತಿರುಗಿದೆ. "ನೀನಿಲ್ದಿದ್ರೆ ನಾನು ಮುಳುಗಿಹೋಗ್ತಿದ್ದೆ ಕಣೇ" ಎಂದೆ, ಮನಸಾರೆ.

"ಗೊತ್ತು. ಆ ಬೂಟೆಲ್ಲಾ ಒರೆಸಿ ಜಾಗಕ್ಕಿಡಿ" ಎಂದಳು.

ಒರೆಸುತ್ತಿದ್ದಾಗಲೇ ಫೋನ್ ಬಂತು. "ಊಡ್ನಿ ನಂಬರ್ ಕೊಟ್ರು. ನಮ್ಮದೂ ಒಂದು ಮನೆ ಮಾರೋದಿತ್ತು."

"ಹೇಳಿ ಹೇಳಿ, ನಾನೇ ಏಜೆಂಟ್ ಎಯ್ವಿಂದ್" ಎಂದೆ, ಎದೆಯುಬ್ಬಿಸಿ.

"ಗೊತ್ತಾಯ್ತು ಬಿಡಿ. ಸ್ವಲ್ಪ ನಿಮ್ಮ ಹೆಂಡತಿ ಕೈಗೆ ಫೋನ್ ಕೊಡ್ತೀರಾ?"