ಸುಗಲಾಬಾಯಿಯವರ ಅಧಿಕೃತ ಹಾಡು

ಯಾವುದೇ ಹಾಡನ್ನು ಉಳಿಸಬೇಕಾದರೆ ಮೊದಲು ಅದನ್ನು ಕುಗ್ಗಿಸಬೇಕು ಎಂಬುದು ೧೯೯೯ರ ಹೊತ್ತಿಗೆ ಅಕ್ಕಲಕೋಟದಲ್ಲಿ ಸರ್ವಮಾನ್ಯ ಸಂಗತಿಯಾಗಿತ್ತು. ಆದಕಾರಣ ಊರಿನ ಜಾನಪದ ಗೀತ ರಕ್ಷಣಾ ಮಂಡಳವು 'ಧ್ವನಿ ಸಂಕೋಚನ ಉಪಸಮಿತಿ'ಯನ್ನು ನೇಮಿಸಿತು.

ರಕ್ಷಣೆಗೆ ಲಭ್ಯವಿದ್ದದ್ದು ಒಂದೇ ಹಾಡು. ಊರಿನ ಹಾಡುಗಾರ್ತಿ ಸುಗಲಾಬಾಯಿಯವರು ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಪುಣೆಯ ಸಂಶೋಧಕರೊಬ್ಬರು ಸಿಡಿ ಮಾಡಿ ಕಳಿಸಿದ್ದರು. ಆಮೇಲೆ ಬಾಯಿಯವರ ಗಂಟಲು ಕೈಕೊಟ್ಟಿತು. ಮೇಲಿನ ಸ್ವರ ಏರದಾಯಿತು. "ನಾ ಹೋದ ಮ್ಯಾಲ ಯಾರರ ಒಬ್ಬಾಕಿ ಈ ಹಾಡ ಹಾಡಬೇಕು, ಅಷ್ಟ ನೋಡ್ರಿ" ಎಂಬುದು ಅವರ ಒಂದೇ ಬೇಡಿಕೆ. ಕನ್ಯಾಶಾಲೆಯ ಹುಡುಗಿಯರು ಸಿಡಿ ಕೇಳಿ ಕಲಿಯಲು ತಯಾರಿದ್ದರು. ಆದರೆ ಶಾಲೆಯ ಕಂಪ್ಯೂಟರಿಗೆ ಸಿಡಿ ಹಾಕುವ ಸೌಲಭ್ಯವಿರಲಿಲ್ಲ, ಅದು ಫ್ಲಾಪಿ ಮಾತ್ರ ನುಂಗುತ್ತಿತ್ತು. ಹಾಗಾಗಿ ಹಾಡು ಎಂಪಿತ್ರೀ ಆಗಿ, ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು ಸಣ್ಣದಾಗಬೇಕಿತ್ತು.

ಕೆಲಸ ಸೋಲಾಪುರದ ಆಶಿಷನ ಕಂಪ್ಯೂಟರ್ ಕ್ಲಾಸಿನಲ್ಲಿ ಆರಂಭವಾಯಿತು. ಉಪಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಕ್ಲಾರ್ಕ್ ದಿಗಂಬರರಾಯರು ಪ್ರತಿ ರವಿವಾರ ಸಿಡಿಯನ್ನು ಚಾದರದಲ್ಲಿ ಸುತ್ತಿ, ಎಸ್.ಟಿ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಚಾದರ ಒದಗಿಸಿದವರು ಸದಸ್ಯರಾದ ಚಾದರದ ವ್ಯಾಪಾರಿ ಕಲ್ಯಾಣಪ್ಪ.

ಹೊಸ ತಕ್ಕಡಿಗೂ ಹೊಸ ಟೆಂಪೋಗೂ ಪೂಜೆಯಾಗುವ ಊರಿನಲ್ಲಿ ಸಿಡಿಗೆ ಪೂಜೆಯಾಗದಿರುವುದು ನಿಯಮಬಾಹಿರ. ಪ್ರತಿ ಸಭೆಗೂ ಮೊದಲು ಅದನ್ನು ವೀಳ್ಯದೆಲೆಯ ಮೇಲಿಟ್ಟು ವಿಭೂತಿ, ಕುಂಕುಮ ಏರಿಸಿ, ತೆಂಗಿನಕಾಯಿ ನೀರು ಚಿಮುಕಿಸಲಾಗುತ್ತಿತ್ತು.

ಆಶಿಷ ಒಮ್ಮೆ ಅಡ್ಡಬಂದ. "ಕಾಕಾ, ಹೊಳಿಯೋ ಬಾಜೂಕ ಏನೂ ಹಚ್ಚಬ್ಯಾಡ್ರಿ. ಮಶೀನು ಅಲ್ಲೇ ಓದತದ."

"ತಮ್ಮಾ, ದೇವರಿಗೆ ಕುಂಕುಮ ಮಾರಿಗೆ ಹಚ್ಚತಾರೋ, ಬೆನ್ನಿಗೆ ಹಚ್ಚತಾರೋ?" ಎಂದರು ರಾಯರು.

ವಾದದಲ್ಲಿ ದೋಷವಿರಲಿಲ್ಲ. ಪೂಜೆಯ ನಂತರ ರಾಯರು ತಮ್ಮ ಧೋತರದ ಚುಂಗಿನಿಂದ ಸಿಡಿಯನ್ನು ತಿಕ್ಕಿ ತಿಕ್ಕಿ ಒರೆಸಿಕೊಟ್ಟರು.

ಮೊದಲ ಪ್ರಶ್ನೆ ಬಿಟ್‌ರೇಟಿನದು. ಅಂದರೆ ಹಾಡನ್ನು ಎಷ್ಟು ಹಿಂಡಬೇಕು ಎಂಬುದು. ಅರವತ್ನಾಲ್ಕಕ್ಕೆ ಇಳಿಸಿದರೆ ಮಾತ್ರ ಫ್ಲಾಪಿಗೆ ಹಿಡಿಸುತ್ತದೆ ಎಂದು ಆಶಿಷ ತಿಳಿಸಿದ.

"ಇದರಾಗ ಭಾಳ ಭಾರಿದು ಎಷ್ಟರದು?" ಎಂದರು ರಾಯರು.

"ಮುನ್ನೂರಾ ಇಪ್ಪತ್ತು."

"ಮತ್ತ ಅದನ್ನ ಮಾಡು. ಮಂಡಳದ ಇಜ್ಜತ್ತಿನ ಪ್ರಶ್ನಿ ಅದ."

ಕಲ್ಯಾಣಪ್ಪನವರು ಕೆಮ್ಮಿದರು. "ರಾಯರ, ನಾವು ಚಾದರ ಹೆಂಗ ಮಾರತೀವಿ? ಒಳಗಿನ ನೂಲು ಯಾವುದರ ಇರವಲ್ಲದ್ಯಾಕ, ಮ್ಯಾಲಿನ ಲೇಬಲ್ ಖಾಸಾ ಇರಬೇಕು."

ಪ್ರಪಂಚದ ಅನೇಕ ಊರುಗಳಲ್ಲಿ ಇದೇ ತೀರ್ಮಾನಕ್ಕೆ ಬರಲು ತಜ್ಞರು ವರ್ಷಗಟ್ಟಲೆ ಕೂತದ್ದನ್ನು ನಾನು ಕಂಡಿದ್ದೇನೆ. ಇಲ್ಲಿ ಚಹಾ ಆರುವುದರೊಳಗೆ ಮುಗಿಯಿತು. ಫೈಲು ಅರವತ್ನಾಲ್ಕರದು, ಫ್ಲಾಪಿಯ ಮೇಲಿನ ಚೀಟಿ ಮುನ್ನೂರಾ ಇಪ್ಪತ್ತರದು.

ಎರಡನೆಯ ಪ್ರಶ್ನೆ ತಂತ್ರಾಂಶದ್ದು. ಆಶಿಷನ ಬಳಿ ಎರಡಿದ್ದವು. ಮೊದಲನೆಯದು ಸಾವಕಾಶದ್ದು, ಸಿಡಿಯ ಪ್ರತಿಯೊಂದು ಜಾಗವನ್ನೂ ಮತ್ತೆ ಮತ್ತೆ ಓದಿ ಖಾತ್ರಿ ಮಾಡಿಕೊಳ್ಳುತ್ತಿತ್ತು. ಅದು ಕುಂಕುಮವಿದ್ದಲ್ಲಿಗೆ ಬಂದು ನಿಂತು, 'ಇಲ್ಲಿ ದೋಷವಿದೆ' ಎಂದು ಕೆಂಪಕ್ಷರದಲ್ಲಿ ತೋರಿಸಿತು.

"ಯಾರಿಗೆ ಹೇಳಾಕತ್ತದ ಇದು?" ರಾಯರು ಎದ್ದು ನಿಂತರು.

"ನಮಗ ರೀ."

"ಮಂಡಳದ ಆಸ್ತಿಯೊಳಗ ದೋಷ ಅದ ಅಂತ? ತಗಿ ಅದನ್ನ."

ಎರಡನೆಯದು ಏನನ್ನೂ ತಪಾಸಣೆ ಮಾಡದೆ ಕ್ಷಣಮಾತ್ರದಲ್ಲಿ 'ಯಶಸ್ವಿ' ಎಂದಿತು. ಸೌಜನ್ಯದ ಆಧಾರದ ಮೇಲೆ ಅದನ್ನು ಅವಿರೋಧವಾಗಿ ಆಯ್ಕೆ ಮಾಡಲಾಯಿತು.

ಕನ್ಯಾಶಾಲೆಯಲ್ಲಿ ಫ್ಲಾಪಿಗೆ ಹಾರ ಹಾಕಿ ಹಾಡು ಹಚ್ಚಿದರು. ಸುಗಲಾಬಾಯಿ ಮುಂದಿನ ಸಾಲಿನಲ್ಲಿ ಕೂತಿದ್ದರು. 'ತಿರುಗವ್ವ ನನ ಕಲ್ಲ, ಜೋಳ ಹಿಟ್ಟಾಗಲಿ' ಎಂದು ಅವರು ಹಾಡಿದ್ದು, ಈಗ ಹೀಗೆ ಕೇಳಿಸಿತು:

'ತಿರು ತಿರು ತಿರುಗವ್ವ ನನ ಕಲ್ಲ, ... ಹಿಟ್ಟಾಗಲಿ.'

ಬಾಯಿಯವರು ಸೆರಗು ಸರಿಮಾಡಿಕೊಂಡರು. "ಜೋಳ ಎಲ್ಲಿ ಹೋತ್ರಿ?"

"ಸಂಕೋಚನ ಆಗೇದ್ರಿ," ಎಂದರು ರಾಯರು.

"ಜೋಳ ಇಲ್ಲದ ಹಿಟ್ಟು ಹೆಂಗ ಆಗತದ? ನಾ ಹಾಡಿ ತೋರಸ್ತೀನಿ ತಡೀರಿ." ಒಡೆದ ಗಂಟಲಲ್ಲೇ ಅವರು ಜೋಳಸಹಿತ ಹಾಡಿದರು.

ರಾಯರು ಫ್ಲಾಪಿಯನ್ನು ಮತ್ತೊಮ್ಮೆ ಹಚ್ಚಿ ತಾಳೆ ನೋಡಿದರು. "ಬಾಯಾರ, ಸಿಟ್ಟಾಗಬ್ಯಾಡ್ರಿ. ಅಧಿಕೃತ ಪ್ರತಿಯೊಳಗ ಜೋಳ ಇಲ್ಲ. ನೀವು ಬ್ಯಾರೆ ಯಾವುದೋ ಹಾಡ ಹಾಡಾಕತ್ತೀರಿ."

"ಸಿಡಿನರ ತಿರುಗಿ ಹಚ್ಚರಿ."

ಸಿಡಿ ಅಷ್ಟರಲ್ಲಿ ಮಂಡಳದ ದೇವರ ಗೂಡಿನಲ್ಲಿ, ಬೆಳ್ಳಿ ಕಾಣದಷ್ಟು ಕೆಂಪಾಗಿ, ಎಣ್ಣೆದೀಪದ ಮುಂದೆ ನೆಲೆಸಿತ್ತು. ಸ್ಥಾಪನೆಯಾದದ್ದನ್ನು ಕದಲಿಸುವಂತಿರಲಿಲ್ಲ.

ಹುಡುಗಿಯರು ಬಾಯಿಯವರ ಮುಖ ನೋಡುತ್ತಿದ್ದರು. ಅವರಲ್ಲಿ ಒಬ್ಬಳೂ ಬೀಸುವ ಕಲ್ಲು ಕಂಡವಳಲ್ಲ. ಅವರ ಮನೆಗಳಿಗೆ ಹಿಟ್ಟು ಗಿರಣಿಯಿಂದ ಡಬ್ಬಿಯಲ್ಲಿ ಬರುತ್ತದೆ. ಹಾಡು ಬಿಟ್ಟುಕೊಡುವುದೋ, ಜೋಳ ಬಿಟ್ಟುಕೊಡುವುದೋ ಎಂದು ಸುಗಲಾಬಾಯಿ ಕೊಂಚ ಹೊತ್ತು ತೂಗಿದರು. ಆಮೇಲೆ ಕುಲುಕುಲು ನಕ್ಕು, ನೆಲಕ್ಕೆ ಕೂತು, ಇಲ್ಲದ ಕಲ್ಲಿನ ಗೂಟ ಹಿಡಿದರು.

"ಬರ್ರಿ ನನ್ನವ್ವಗಳಿರಾ. ತಿರು ತಿರು ಅಂದಾಗ ಕಲ್ಲು ಎರಡು ಸಲ ಜಗ್ಗಬೇಕು. ಆಮ್ಯಾಲ ಬಾಯಿ ಮುಚ್ಚಿ, ಒಂದು ಮುಟಗಿ ಜೋಳ ಹಾಕಬೇಕು. ಅದಕ್ಕ ಅಲ್ಲಿ ಹಾಡು ಸುಮ್ಮ ಆಗತದ. ತಿಳೀತಿಲ್ಲೋ?"

ರಾಯರು ಇದನ್ನು ಕೂಡಲೇ ಪ್ರಾಚೀನ ಪದ್ಧತಿಯೆಂದು ಘೋಷಿಸಿದರು.

ಇಂದಿಗೂ ಅಕ್ಕಲಕೋಟದ ಹುಡುಗಿಯರು ಆ ಹಾಡಿನ ನಡುವೆ ಥಟ್ಟನೆ ಬಾಯಿ ಮುಚ್ಚಿ, ಖಾಲಿ ಮುಷ್ಟಿಯಿಂದ ಗಾಳಿಯಲ್ಲಿ ಜೋಳ ಸುರಿಯುತ್ತಾರೆ. ಸಭಿಕರು ಸರಿಯಾಗಿ ಅಲ್ಲಿಯೇ ಚಪ್ಪಾಳೆ ತಟ್ಟುತ್ತಾರೆ. ಎಲ್ಲರಿಗಿಂತ ಜೋರಾಗಿ ತಟ್ಟುವವರು ಸುಗಲಾಬಾಯಿ.